ಐವತ್ತು ವರ್ಷದ ಫಿಯೆಟ್‌ಗೆ ಹೊಸ ಪೇಂಟ್ ಬೇಕಾ?

ಮೈಸೂರಿನ ಗೆಳೆಯನ ಮನೆಯಲ್ಲಿ ಒಂದು ಫಿಯೆಟ್ ಇದೆ. ಅವನ ಅಪ್ಪ 1973ರಲ್ಲಿ ಕೊಂಡದ್ದು. ನಂಬರ್ ಪ್ಲೇಟ್ ಎಂವೈ ಅಂತ ಶುರುವಾಗುತ್ತದೆ, ಅಂದರೆ ರಾಜ್ಯಕ್ಕೆ ಇನ್ನೂ ಮೈಸೂರು ಅನ್ನುವ ಹೆಸರಿದ್ದಾಗಿನ ನಂಬರು. ಬೂದು ಬಣ್ಣ ಫ್ಯಾಕ್ಟರಿಯದ್ದೇ. ಬಾನೆಟ್ ಮೇಲೆ ಸ್ವಲ್ಪ ಮಂಕಾಗಿದೆ, ಡ್ರೈವರ್ ಕಿಟಕಿಯ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಸವೆದು ಒಳಗಿನ ಪ್ರೈಮರ್ ಕಾಣುತ್ತದೆ. ಸೀಟಿನ ರೆಕ್ಸಿನ್ ಹಳೆಯದೇ, ಸ್ಟೀರಿಂಗ್ ಪಕ್ಕದ ಗೇರ್ ಕೂಡ ಹಾಗೇ ಇದೆ. ಗೆಳೆಯನ ಮಗ ಈಚೆಗೆ ಕೆಲಸಕ್ಕೆ ಸೇರಿದ್ದಾನೆ, ಹೋದ ತಿಂಗಳು ಫೋನ್ ಮಾಡಿದ: "ಅಂಕಲ್, ತಾತನ ಕಾರಿಗೆ ಅಲಾಯ್ ಹಾಕಿಸಿ, ಫ್ಲೋರ್ ಗೇರ್, ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್ ಎಲ್ಲಾ ಮಾಡಿಸಿ ಕೆಂಪು ಪೇಂಟ್ ಹೊಡೆಸೋಣ ಅಂತಿದ್ದೀನಿ, ಏನಂತೀರ?" ಅವರಪ್ಪನ ಲೆಕ್ಕ ಬೇರೆ. ಏನೂ ಬದಲಾಯಿಸೋದು ಬೇಡ, ಪೂರ್ತಿ ಬಿಚ್ಚಿಸಿ ಅದೇ ಬೂದು ಬಣ್ಣ ಹೊಸದಾಗಿ ಹೊಡೆಸಿ ಶೋರೂಂ ಕಂಡೀಷನ್‌ಗೆ ತರೋಣ ಅನ್ನುತ್ತಾನೆ.

ನಾನು ಇಬ್ಬರಿಗೂ ಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಈ ಜಗಳಕ್ಕೆ ಎಂಬತ್ತು ತೊಂಬತ್ತು ವರ್ಷದ ಹಿನ್ನೆಲೆ ಇದೆ, ಅದನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ.

ಮೊದಲು ಕಾರಿನ ಕಥೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಶುರು ಮಾಡಿದರು. ಬೊಂಬಾಯಿಯ ಕುರ್ಲಾದಲ್ಲಿ ಮೊದಲು ಡಾಡ್ಜ್, ಪ್ಲಿಮತ್‌ನಂಥ ಅಮೆರಿಕನ್ ಕಾರುಗಳನ್ನು ಜೋಡಿಸುತ್ತಿದ್ದರು, ಆಮೇಲೆ ಇಟಲಿಯ ಫಿಯೆಟ್ ಬಂತು. ಬರೀ ಬಿಡಿಭಾಗ ತರಿಸಿ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಅಂತ 1953ರಲ್ಲಿ ಸರ್ಕಾರದ ನೀತಿ ಬದಲಾದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದ ಕೆಲವೇ ಕಂಪನಿಗಳ ಪೈಕಿ ಇದೂ ಒಂದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಬಂತು, 1089 ಸಿಸಿ ಎಂಜಿನ್ ಇದ್ದದ್ದು. ಇಟಲಿಯಲ್ಲಿ ಈ ಮಾದರಿ 1966ಕ್ಕೇ ನಿಂತಿತು. ನಮ್ಮಲ್ಲಿ ಅದೇ ಆಕಾರ 2000ದ ಆಸುಪಾಸಿನವರೆಗೂ ಬಂತು. ಫಿಯೆಟ್ ಹೆಸರು ಹೋಗಿ ಒಂದೆರಡು ವರ್ಷ 'ಪ್ರೀಮಿಯರ್ ಪ್ರೆಸಿಡೆಂಟ್' ಅಂತ ಮಾರಿದರು, 1974ರಿಂದ 'ಪ್ರೀಮಿಯರ್ ಪದ್ಮಿನಿ'. ಜನರ ಬಾಯಲ್ಲಿ ಮಾತ್ರ ಕೊನೆವರೆಗೂ ಫಿಯೆಟ್ಟೇ. ಗೆಳೆಯನ ಕಾರು ಆ ಮಧ್ಯದ 'ಪ್ರೆಸಿಡೆಂಟ್' ಕಾಲದ್ದು, ಕಾರಿನ ಹಿಂಭಾಗದ ಬ್ಯಾಡ್ಜ್ ಇನ್ನೂ ಹಾಗೇ ಇದೆ.

ನಮ್ಮ ದೇಶದಲ್ಲಿ ಕಾರು ಮಾಡಿಫೈ ಮಾಡೋದು ಶೋಕಿಗೆ ಶುರುವಾದದ್ದಲ್ಲ. ಬೇರೆ ಗತಿ ಇರಲಿಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಒಂದು ಸಲ ಕಾರು ಮನೆಗೆ ಬಂದರೆ ಇಪ್ಪತ್ತು ಮೂವತ್ತು ವರ್ಷ ಅದನ್ನೇ ಓಡಿಸಬೇಕು, ಕೆಟ್ಟರೆ ಸಿಕ್ಕ ಸ್ಪೇರ್ ಹಾಕಬೇಕು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾಯಿತು, ಡೀಸೆಲ್ ಅಗ್ಗ ಇತ್ತು, ಹಾಗಾಗಿ ಎಷ್ಟೋ ಅಂಬಾಸಿಡರ್‌ಗಳ ಪೆಟ್ರೋಲ್ ಎಂಜಿನ್ ಇಳಿಸಿ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ದೊಡ್ಡ ದೊಡ್ಡ ಅಮೆರಿಕನ್ ಕಾರುಗಳಿಗೂ ಅದೇ ಆಯಿತು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿ ಸುತ್ತಿ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ಒಂದು ಕಾರಿನ ಪಾರ್ಟನ್ನು ಇನ್ನೊಂದಕ್ಕೆ ಲೇತ್‌ನಲ್ಲಿ ಹೊಂದಿಸಿ ಹಾಕಿಸುತ್ತಿದ್ದರು. ಆ ಮೆಕ್ಯಾನಿಕ್‌ಗಳ ಕೈಕೆಲಸಕ್ಕೆ ನನಗೆ ತುಂಬಾ ಗೌರವ ಇದೆ. ಆ ಕಾಲದಲ್ಲೇ ಡೀಸೆಲ್ ಆದ ಅಂಬಾಸಿಡರ್ ಇವತ್ತು ಯಾರದಾದರೂ ಮನೆಯಲ್ಲಿದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ ಅನ್ನುತ್ತೇನೆ. ಅದರ ಎಂಜಿನ್ ಬದಲಾವಣೆ ಕೂಡ ಆ ಕಾರಿನ ಬದುಕಿನಲ್ಲಿ ನಿಜವಾಗಿ ನಡೆದದ್ದೇ ಅಲ್ವಾ.

ಅದರ ಇನ್ನೊಂದು ಮುಖ ನೋಡಿ. ಹೀಗೆ ಎಲ್ಲರೂ ಅನಿವಾರ್ಯವಾಗಿ ಬದಲಾಯಿಸಿದ್ದರಿಂದ, ಏನೂ ಬದಲಾಗದೆ ಉಳಿದ ಕಾರುಗಳು ಬೆರಳೆಣಿಕೆಯಷ್ಟಾದವು. ಮಿಕ್ಕವು ಟ್ಯಾಕ್ಸಿಯಾಗಿ ಸವೆದವು, ಗುಜರಿಗೆ ಹೋದವು. ಮುಂಬೈಯಲ್ಲಂತೂ 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು.

ಅಮೆರಿಕದಲ್ಲಿ ಈ ವಿಷಯ ಬೇರೆ ದಾರಿ ಹಿಡಿಯಿತು. 1930ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು, ಎಂಜಿನ್ ಚುರುಕು ಮಾಡಿ ಒಣಗಿದ ಕೆರೆಯಂಗಳಗಳಲ್ಲಿ ರೇಸ್ ಓಡಿಸುತ್ತಿದ್ದರು. ಹಾಟ್ ರಾಡ್ ಅನ್ನೋದು ಅಲ್ಲಿಂದ ಬಂತು. ಅದು ಶುದ್ಧ ಖುಷಿಗಾಗಿ ಮಾಡಿದ ಮಾಡಿಫಿಕೇಶನ್. ಅದೇ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಲ್ಲಿ ಕಾರುಗಳ ಸೌಂದರ್ಯ ಸ್ಪರ್ಧೆಯೊಂದು ಶುರುವಾಯಿತು. ಮೊದಲ ವರ್ಷಗಳಲ್ಲಿ ಗೆಲ್ಲುತ್ತಿದ್ದದ್ದು ಹೊಸ ಕಾರುಗಳು. 1955ರಲ್ಲಿ ಫಿಲ್ ಹಿಲ್ ಅನ್ನುವ ರೇಸ್ ಡ್ರೈವರ್, ಮುಂದೆ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವರು, ತಮ್ಮ ಮನೆಯ 1931ರ ಪಿಯರ್ಸ್-ಆರೋ ಕಾರನ್ನು ರಿಪೇರಿ ಮಾಡಿ ತಂದು ಗೆದ್ದರು. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಅಲ್ಲಿಂದ ರಿಸ್ಟೋರೇಶನ್ ಅನ್ನುವ ಹುಚ್ಚು ಏರುತ್ತಾ ಹೋಯಿತು. ನಟ್ಟು ಬೋಲ್ಟಿನ ತನಕ ಬಿಚ್ಚು, ಹಳೇ ಬಣ್ಣ ಕೆರೆದು ಹಾಕು, ಕನ್ನಡಿ ಥರ ಹೊಳೆಸು. ಫ್ಯಾಕ್ಟರಿಯಿಂದ ಬಂದಾಗಲೂ ಅಷ್ಟು ಹೊಳೆಯದ ಕಾರು ಈಗ ಹೊಳೆಯತೊಡಗಿತು. ನಮ್ಮಲ್ಲೂ ಹಳೇ ಕಾರು ಅಂದರೆ ಹೀಗೆ ಹೊಳೆಯಬೇಕು ಅನ್ನುವ ಭಾವನೆ ಬಂದದ್ದು ಇಂಥ ರ್‍ಯಾಲಿ, ಸ್ಪರ್ಧೆಗಳಿಂದಲೇ ಅಂತ ನನಗನಿಸುತ್ತದೆ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ಕಾರು ರ್‍ಯಾಲಿ 1964ರಿಂದಲೇ ನಡೆಯುತ್ತಿದೆ.

ಇಲ್ಲಿ ನನ್ನ ಸೋದರಮಾವನ ಕಾರಿನ ವಿಷಯ ಹೇಳಲೇಬೇಕು. ಹಾಸನದಲ್ಲಿ ಅವರ ಹತ್ತಿರ ಎಪ್ಪತ್ತರ ದಶಕದ ಒಂದು ಫಿಯೆಟ್ ಇತ್ತು, ಚೆನ್ನಾಗಿಯೇ ಇತ್ತು, ಬಣ್ಣ ಮಂಕಾಗಿತ್ತು ಅಷ್ಟೆ. ಮಗಳ ಮದುವೆ ಅಂತ ಒಂದು ಗ್ಯಾರೇಜಿಗೆ ಕೊಟ್ಟರು. ಅವರು ಹಳೇ ಡ್ಯೂಕೋ ಪೇಂಟನ್ನು ತಗಡಿನ ತನಕ ಕೆರೆದರು, ಇಲ್ಲದ ಡೆಂಟಿಗೂ ಪುಟ್ಟಿ ಮೆತ್ತಿದರು, ಬೀಡಿಂಗು, ಬಾಗಿಲ ರಬ್ಬರು, ಕ್ರೋಮ್ ಪಟ್ಟಿ ಎಲ್ಲಾ ತೆಗೆದು ಮೂಲೆಗೆ ಎಸೆದರು, ಬದಲಿಗೆ ಹೊಸದಾಗಿ ಸಿಕ್ಕಿದ್ದನ್ನು ಅಂಟಿಸಿದರು. ಮದುವೆ ದಿನ ಕಾರು ಫಳಫಳ ಅನ್ನುತ್ತಿತ್ತು. ಮೂರನೇ ಮಳೆಗಾಲಕ್ಕೆ ಬಾಗಿಲ ಕೆಳಗೆ ಪೇಂಟ್ ಗುಳ್ಳೆ ಎದ್ದಿತು, ಒಡೆದರೆ ಒಳಗೆ ತುಕ್ಕು. ಹೊಸ ರಬ್ಬರ್ ಸರಿಯಾಗಿ ಕೂರದೆ ನೀರು ಇಳಿದಿತ್ತು. ಎಸೆದ ಪಾರ್ಟ್ ವಾಪಸ್ ಸಿಗಲಿಲ್ಲ. ಮಾವ ಆ ಕಾರಿನಲ್ಲಿ ಒಂದು ತಿರುಪನ್ನೂ ಮಾಡಿಫೈ ಮಾಡಿರಲಿಲ್ಲ, ಆದರೂ ಮೂವತ್ತು ವರ್ಷ ಜೋಪಾನ ಮಾಡಿದ್ದು ಒಂದೇ ತಿಂಗಳಲ್ಲಿ ಹೋಯಿತು. ಗೆಳೆಯನ 'ಶೋರೂಂ ಕಂಡೀಷನ್' ಮಾತಿಗೆ ನಾನು ಹೆದರಿದ್ದು ಅದಕ್ಕೇ.

ಹಳೇ ದೇವಸ್ಥಾನಗಳ ಕಲ್ಲಿನ ಕಂಬಕ್ಕೆ, ವಿಗ್ರಹಕ್ಕೆ ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿದಿರುವುದನ್ನು ನೀವೂ ನೋಡಿರುತ್ತೀರಿ. ಬಳಿದವರ ಮನಸ್ಸು ಒಳ್ಳೆಯದೇ. ಉಳಿಯ ಗೆರೆ ಮಾತ್ರ ಆಮೇಲೆ ಕಾಣುವುದಿಲ್ಲ. ಕಾರಿನ ವಿಷಯದಲ್ಲೂ ಇದೇ ಮಾತು ಬಂದದ್ದು ತೀರಾ ತಡವಾಗಿ. ಪೆಬಲ್ ಬೀಚ್‌ನಲ್ಲಿ ರಿಸ್ಟೋರ್ ಮಾಡದ, ಹಾಗೇ ಉಳಿದ ಕಾರುಗಳಿಗೆ ಅಂತ ಪ್ರತ್ಯೇಕ ವಿಭಾಗ ಶುರುವಾದದ್ದು 2001ರಲ್ಲಿ. 2015ರಲ್ಲಿ ಪ್ಯಾರಿಸ್‌ನ ಹರಾಜೊಂದರಲ್ಲಿ, ಫ್ರಾನ್ಸಿನ ಶೆಡ್ ಒಂದರಲ್ಲಿ ದಶಕಗಟ್ಟಲೆ ಧೂಳು ತಿನ್ನುತ್ತಿದ್ದ ಫೆರಾರಿಯೊಂದು ಒಂದೂವರೆ ಕೋಟಿ ಯೂರೋಗಿಂತ ಜಾಸ್ತಿಗೆ ಹೋಯಿತು. ಅದರ ಧೂಳನ್ನೂ ಒರೆಸಿರಲಿಲ್ಲ. 2024ರಲ್ಲಿ ಪೆಬಲ್ ಬೀಚ್‌ನ ಅತ್ಯುನ್ನತ ಬಹುಮಾನವೇ 1934ರ ಬುಗಾಟಿ ಟೈಪ್ 59ಗೆ ಬಂತು. ಹಿಂದೆ ಬೆಲ್ಜಿಯಂ ದೊರೆ ಮೂರನೇ ಲಿಯೊಪೋಲ್ಡ್ ಓಡಿಸಿದ್ದ ಆ ಕಾರಿನ ಬಣ್ಣ ಬಿರುಕು ಬಿಟ್ಟಿದೆ, ಸೀಟು ಸವೆದಿದೆ. ರಿಸ್ಟೋರ್ ಮಾಡದ ಕಾರು ಅಲ್ಲಿ ಗೆಲ್ಲೋದಕ್ಕೆ ಎಪ್ಪತ್ತನಾಲ್ಕು ವರ್ಷ ಬೇಕಾಯಿತು.

ಈ ನಡುವೆ ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ, 1966ರಲ್ಲಿ ಶುರುವಾದದ್ದು, 2012ರಲ್ಲಿ ಟ್ಯೂರಿನ್ ಸನ್ನದು ಅಂತ ಒಂದನ್ನು ಒಪ್ಪಿಕೊಂಡಿತು. ಹಳೇ ಕಟ್ಟಡ, ಸ್ಮಾರಕಗಳಿಗಾಗಿ 1964ರಲ್ಲಿ ಬರೆದ ವೆನಿಸ್ ಸನ್ನದೇ ಅದಕ್ಕೆ ಮಾದರಿ. ಅದರ ಸಾರ ನಮ್ಮ ಅಜ್ಜಿಯರಿಗೂ ಅರ್ಥ ಆಗುವಂಥದ್ದು: ಇರೋದನ್ನು ಉಳಿಸಿ, ಮಾಡಲೇಬೇಕಾದಷ್ಟನ್ನೇ ಮಾಡಿ, ಮಾಡಿದ್ದನ್ನು ಬರೆದಿಡಿ, ಬೇಕೆಂದಾಗ ವಾಪಸ್ ತೆಗೆಯುವ ಹಾಗೆ ಮಾಡಿ. ಈ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಬ್ಯಾಟರಿ ಪಕ್ಕ ಒಂದು ಸ್ವಿಚ್ ಕೂರಿಸಿದರೆ ನಾಳೆ ಬಿಚ್ಚಬಹುದು. ಫ್ಲೋರ್ ಗೇರ್‌ಗಾಗಿ ನೆಲದ ತಗಡು ಕತ್ತರಿಸಿದರೆ ಬಿಚ್ಚೋಕೆ ಆಗಲ್ಲ. ಎಲೆಕ್ಟ್ರಿಕ್ ಮಾಡುವ ವಿಷಯದಲ್ಲೂ ಇದೇ ಮಾತು. ಜಾಗ್ವಾರ್ ಕಂಪನಿ 2017ರಲ್ಲಿ ತನ್ನದೇ ಹಳೇ ಇ-ಟೈಪ್ ಕಾರಿಗೆ ಬ್ಯಾಟರಿ, ಮೋಟರ್ ಹಾಕಿ ತೋರಿಸಿತು, ಮರುವರ್ಷ ಬ್ರಿಟನ್ನಿನ ರಾಜಕುಮಾರ ಹ್ಯಾರಿಯ ಮದುವೆಯಲ್ಲಿ ಅದು ಜಗತ್ತಿಗೇ ಕಂಡಿತು. ಹಾಗೆ ಬದಲಾಯಿಸಿದ ಕಾರನ್ನು ಐತಿಹಾಸಿಕ ವಾಹನ ಅಂತ ಒಪ್ಪುವುದಿಲ್ಲ ಅಂತ ಫಿವಾ ನೇರವಾಗಿಯೇ ಹೇಳಿತು.

ನಮ್ಮ ಕಾನೂನೂ ನಿಧಾನವಾಗಿ ಆ ಕಡೆಗೇ ಬಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಆಮೇಲೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅಂತ ಬರುತ್ತದೆ, ಅದಕ್ಕೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮರುನೋಂದಣಿಗೆ 5,000. ಈಗಾಗಲೇ ನೋಂದಣಿಯಾದ ಕಾರಿಗೆ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಒಂದೇ ತೊಂದರೆ ಅಂದರೆ ದಿನಾ ಆಫೀಸಿಗೆ ಓಡಿಸುವಂತಿಲ್ಲ, ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ತೆಗೆಯಬಹುದು. ಗೆಳೆಯನ ಕಾರಿಗೆ ಈಗ ಐವತ್ತು ದಾಟಿದೆ. ಅಂದರೆ ಆ ಎಂವೈ ನಂಬರಿನ ಸಮೇತ ಅದು ವಿಂಟೇಜ್ ಆಗಬಹುದು. ಹುಡುಗ ಅಂದುಕೊಂಡ ಹಾಗೆ ನೆಲದ ತಗಡನ್ನೆಲ್ಲ ಕೊಯ್ಯಿಸಿದರೆ ಆ ಅವಕಾಶಕ್ಕೇ ಕಲ್ಲು ಬೀಳಬಹುದು.

ಹಾಗಂತ ರಿಸ್ಟೋರೇಶನ್ನೇ ತಪ್ಪು ಅನ್ನಲಾರೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್ಪಾಲ್ ಸಿಂಗ್ ಅವರಿಗೆ ಕೊಟ್ಟರು. ಅವರು 2010ರಲ್ಲಿ ತೀರಿಕೊಂಡ ಮೇಲೆ ಆ ಕಾರು ದೆಹಲಿಯ ಮನೆ ಮುಂದೆ ತುಕ್ಕು ಹಿಡಿಯುತ್ತಿತ್ತು. ಆಮೇಲೆ ಕಂಪನಿಯೇ ಅದನ್ನು ಸರಿಮಾಡಿಸಿ ತನ್ನ ಕಚೇರಿಯಲ್ಲಿ ಇಟ್ಟಿತು. ಸರಿಯಾದ ಕೆಲಸ. ಕೊಳೆತು ಹೋಗುವ ಕಾರಿಗೆ ಅದೇ ದಾರಿ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರು ಮ್ಯೂಸಿಯಂನಲ್ಲಿ ಹಳೇ ಕಾರು ನೋಡಿದವರಿಗೆ ಗೊತ್ತು, ಹಾಗೆ ಜೀವ ಕೊಟ್ಟ ಕಾರು ಮಕ್ಕಳ ಕಣ್ಣರಳಿಸುತ್ತದೆ. ಮಾಡಿಫೈ ಮಾಡುವ ಆಸೆ ಇದ್ದವರಿಗೂ ಕಾರು ಸಿಗುತ್ತದೆ. ಎಂಜಿನ್ ಇಲ್ಲದ, ಬಾಗಿಲು ಕೊಳೆತ, ಆಗಲೇ ಯಾರೋ ಕೊಯ್ದಿರುವ ಪದ್ಮಿನಿ ಹುಡುಕಿ, ಆರ್‌ಟಿಒ ಒಪ್ಪುವಷ್ಟರ ಮಟ್ಟಿಗೆ ನಿಮ್ಮ ಆಸೆ ಎಲ್ಲಾ ಅದರ ಮೇಲೆ ತೀರಿಸಿಕೊಳ್ಳಿ. ಚೆನ್ನಾಗಿರೋದನ್ನು ಸುಮ್ನೆ ಬಿಡಿ.

ಯಾಕಂದರೆ ಆ ಚೆನ್ನಾಗಿರುವ ಕಾರಿನಲ್ಲಿ ಓದೋಕೆ ಜಾಸ್ತಿ ಇದೆ. ಶುರುವಿನಲ್ಲಿ ಇಟಲಿಯಿಂದ ಬರುತ್ತಿದ್ದ ಪಾರ್ಟ್‌ಗಳು ಒಂದೊಂದೇ ನಮ್ಮಲ್ಲಿ ತಯಾರಾಗತೊಡಗಿದವು. 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಮೈಕೋ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. 1973ರ ಕಾರಿನ ಬಾನೆಟ್ ಎತ್ತಿದರೆ ಯಾವ ಪಾರ್ಟಿನ ಮೇಲೆ ಯಾರ ಮುದ್ರೆ ಇದೆ, ಎಲ್ಲಿ ಕೈಯಲ್ಲಿ ಬೆಸುಗೆ ಹಾಕಿದ್ದಾರೆ, ಯಾವ ಬಣ್ಣದ ಮೇಲೆ ಯಾವ ಬಣ್ಣ ಬಿದ್ದಿದೆ ಅಂತ ಕಣ್ಣಾರೆ ನೋಡಬಹುದು. ಕಾರು ಮಾಡೋದನ್ನು ನಮ್ಮ ದೇಶ ಹೇಗೆ ಕಲಿಯಿತು ಅನ್ನೋದು ಅಲ್ಲೇ ಇದೆ. ಕೆರೆದರೆ ಹೋಯಿತು.

ಬದಲಾಯಿಸಲೇಬೇಕಾದ್ದೂ ಇದೆ, ಅದರಲ್ಲಿ ರಾಜಿ ಬೇಡ. ಟೈರು, ಬ್ರೇಕ್ ಹೋಸ್, ಬ್ರೇಕ್ ಸಿಲಿಂಡರಿನ ರಬ್ಬರು, ಶಿಥಿಲವಾದ ವೈರಿಂಗು. ಈಗ ಬಂಕುಗಳಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ತೇವ ಎಳೆದುಕೊಂಡು ಟ್ಯಾಂಕು, ಕಾರ್ಬೊರೇಟರ್ ಒಳಗೆ ತುಕ್ಕು ಹಿಡಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಪೈಪು, ಕಾರ್ಬೊರೇಟರಿನ ಗ್ಯಾಸ್ಕೆಟ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ, ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಸ್ವಲ್ಪ ಬೇಜಾರಾದ. ಆಮೇಲೆ ಒಂದು ದಿನ ತಾನೇ ಫೋನ್ ಮಾಡಿ, ಸೀಟಿನ ಕೆಳಗೆ ತಾತನ ಕೈಬರಹದ ಒಂದು ಚೀಟಿ ಸಿಕ್ಕಿತು, ಯಾವ ದಿನ ಎಷ್ಟು ಲೀಟರ್ ಹಾಕಿಸಿದ್ದು ಅಂತ ಬರೆದಿದ್ದಾರೆ ಅಂದ. ಬರುವ ಭಾನುವಾರ ನಾವು ಮೂವರೂ ಸೇರಿ ಪೆಟ್ರೋಲ್ ಪೈಪ್ ಬದಲಾಯಿಸುತ್ತಿದ್ದೇವೆ. ಬಿಚ್ಚಿದ ಹಳೇ ಪೈಪನ್ನು ಕವರಿಗೆ ಹಾಕಿ, ತಾರೀಖು ಬರೆದು, ಡಿಕ್ಕಿಯಲ್ಲೇ ಇಡುತ್ತಾನಂತೆ.