ಕಾಯಿಲೆ ಒಬ್ಬರಿಗೆ, ಪಾಠ ಮನೆಮಂದಿಗೆಲ್ಲ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಕೇರಳದ ಕಾಸರಗೋಡಿನ ಬದಿಯಡ್ಕಕ್ಕೋ ಪೈವಳಿಕೆಗೋ ಮರಳುವವರ ಕೈಯಲ್ಲಿ ಡಿಸ್ಚಾರ್ಜ್ ಚೀಟಿ, ಒಂದು ತಿಂಗಳ ಮದ್ದು, ಮುಂದೆ ತೋರಿಸಬೇಕಾದ ತಾರೀಕು ಇರುತ್ತವೆ. ಹಗಲು ಹನ್ನೊಂದಾದರೂ ಏಳದಿದ್ದರೆ ಎಂತ ಮಾಡಬೇಕು, ಇಲ್ಲದ ದನಿ ಕೇಳಿಸುತ್ತದೆ ಎಂದರೆ ಹೌದೆನ್ನಬೇಕೋ ಅಲ್ಲವೆನ್ನಬೇಕೋ, ಕಾಯಿಲೆ ಮತ್ತೆ ಏಳುವ ಮೊದಲು ಯಾವ ಗುರುತು ಕಾಣುತ್ತದೆ ಎಂಬುದನ್ನು ಮನೆಯವರಿಗೆ ಹೆಚ್ಚಾಗಿ ಯಾರೂ ಕಲಿಸಿರುವುದಿಲ್ಲ. ಹಾಗೆ ಕಲಿಸುವುದೂ ಚಿಕಿತ್ಸೆಯೇ. ಅದಕ್ಕೆ ಗಟ್ಟಿಯಾದ ಆಧಾರ ಉಂಟು.

1950ರ ದಶಕದಲ್ಲಿ ಲಂಡನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಆಸ್ಪತ್ರೆಯಿಂದ ಹೊರಟು ಹೆತ್ತವರ ಅಥವಾ ಹೆಂಡತಿಯ ಜೊತೆ ಇರಲು ಹೋದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರಲ್ಲಿ ಕಡಿಮೆ. ಮನೆಯವರ ಮಾತನ್ನು ಧ್ವನಿಮುದ್ರಿಸಿಕೊಂಡು ಒಂದೊಂದು ಟೀಕೆಯನ್ನೂ ಎಣಿಸುವ ವಿಧಾನ ಮುಂದೆ ಬೆಳೆಯಿತು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ತೋರಿಸಿದಂತೆ, ಟೀಕೆ, ಹಗೆ ಅಥವಾ ಅತಿಯಾದ ಮುಚ್ಚಟೆ ತುಂಬಿದ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದು, ಮದ್ದನ್ನೂ ಬಿಟ್ಟವರಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಮುಚ್ಚಟೆಯೂ ಈ ಪಟ್ಟಿಯಲ್ಲಿ ಇರುವುದನ್ನು ಗಮನಿಸಬೇಕು. ಇಪ್ಪತ್ತೆಂಟರ ಮಗನಿಗೆ ಅನ್ನ ಕಲಸಿ ಬಾಯಿಗಿಡುವ ತಾಯಿಯ ಪ್ರೀತಿ ದೊಡ್ಡದು, ಆದರೆ ಅದರಿಂದ ಅವನ ಕೈ ಕಲಿತದ್ದೂ ಮರೆತುಹೋಗುತ್ತದೆ.

ಇದನ್ನು ಕೇಳಿ ‘ಮನೆಯವರಿಂದಲೇ ಕಾಯಿಲೆ ಬಂತು’ ಎಂದುಕೊಳ್ಳಬಾರದು. ಕಾಯಿಲೆ ಮನೆಯವರು ತಂದದ್ದಲ್ಲ. ಟೀಕೆಯ ಬಹುಪಾಲು ತಿಳಿಯದೆ ಹುಟ್ಟುವಂಥದ್ದು. ಸ್ನಾನ ಬೇಡ, ತೋಟಕ್ಕೆ ಬರಲಾರೆ, ಯಾರೊಡನೆಯೂ ಮಾತಿಲ್ಲ ಎಂಬ ಸ್ಥಿತಿಯೂ ಸ್ಕಿಜೋಫ್ರೇನಿಯಾದ ಲಕ್ಷಣವೇ ಎಂದು ಗೊತ್ತಿಲ್ಲದಾಗ ಅದು ಸೋಮಾರಿತನವಾಗಿ ಕಾಣುತ್ತದೆ. ಚಂಡೀಗಢದ ಅಧ್ಯಯನವೊಂದರಲ್ಲಿ ಭಾರತದ ಕುಟುಂಬಗಳಲ್ಲಿ ಇಂಥ ಟೀಕೆ ಲಂಡನ್ನಿಗಿಂತ ಕಡಿಮೆಯೇ ಕಂಡಿತು. ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವ ದಾರಿಯೂ ನಮಗೆ ಹೊಸತಲ್ಲ. 1950ರ ದಶಕದಲ್ಲೇ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಬಂಧುಗಳನ್ನೂ ಇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆ ಪದ್ಧತಿಯನ್ನು ಬೆಳೆಸಿತು.

ಮನೆಯವರಿಗೆ ಕಲಿಸುವ ಇಂಥ ಬೈಠಕ್ ಊರಲ್ಲಿ ನಡೆಸುವುದು ಹೇಗೆ? ಐದರಿಂದ ಎಂಟು ಕುಟುಂಬ, ಹದಿನೈದು ದಿನಕ್ಕೊಮ್ಮೆ, ಒಂದೂವರೆ ಗಂಟೆ. ಅಮೆರಿಕದ ವಿಲಿಯಂ ಮ್ಯಾಕ್‌ಫಾರ್ಲೇನ್ ರೂಪಿಸಿದ ಈ ಅಳತೆ ನಮ್ಮ ಪಂಚಾಯತಿನ ವಾಚನಾಲಯಕ್ಕೂ ಅಂಗನವಾಡಿಗೂ ಸರಿಹೊಂದುತ್ತದೆ. ಮೂರು ತಿಂಗಳಿಂದ ಒಂದು ವರ್ಷದೊಳಗೆ ಕನಿಷ್ಠ 10 ಬಾರಿಯಾದರೂ ಸೇರಬೇಕು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಅಕ್ಟೋಬರ್ 10ರಂದು ಸಭಾಭವನದಲ್ಲಿ ಇನ್ನೂರು ಜನಕ್ಕೆ ಭಾಷಣ ಮಾಡಿಸಿದರೆ ಫೋಟೋ ಸಿಗುತ್ತದೆ, ಮನೆಯ ಮಾತುಕತೆ ಬದಲಾಗುವುದಿಲ್ಲ.

ಮೊದಲ ಎರಡು ಮೂರು ಬೈಠಕ್ ಕಾಯಿಲೆ ಮತ್ತು ಮದ್ದಿಗೆ ಮೀಸಲು. ಮದ್ದು ಪೂರ್ತಿ ಹಿಡಿಯಲು ಎರಡರಿಂದ ಆರು ವಾರ ಬೇಕು. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ನಿಜವಾದ ಅಪಾಯ ಇರುವುದು ಅಲ್ಲೇ. ಬೇಸಿಗೆಯಲ್ಲಿ ನೀರು ಸಿಗದ ಅಡಿಕೆ ಮರದ ಸೋಗೆ ಹಳದಿಯಾಗುವಾಗ ವಾರಗಳು ಕಳೆದಿರುವಂತೆ, ಮದ್ದು ಬಿಟ್ಟದ್ದಕ್ಕೂ ಕಾಯಿಲೆ ಎದ್ದದ್ದಕ್ಕೂ ನಡುವೆ ತಿಂಗಳುಗಳೇ ಇರಬಹುದು. ಹಾಗಾಗಿ ಮನೆಯವರು ಎರಡನ್ನೂ ಜೋಡಿಸಿ ನೋಡುವುದಿಲ್ಲ. ‘ಮದ್ದಿಲ್ಲದೆಯೂ ಚೆನ್ನಾಗಿದ್ದ, ಯಾರದೋ ಕಣ್ಣು ಬಿತ್ತು’ ಎನ್ನುತ್ತಾರೆ. ಅಡ್ಡಪರಿಣಾಮಗಳನ್ನೂ ಮುಚ್ಚಿಡಬಾರದು: ಕೈ ನಡುಕ, ಜೊಲ್ಲು, ತೂಕ ಏರುವುದು, ಕೂತಲ್ಲಿ ಕೂರಲಾಗದೆ ಕಾಲು ಚಡಪಡಿಸುವುದು. ಈ ಚಡಪಡಿಕೆಯನ್ನು ಕಾಯಿಲೆ ಕೆರಳಿತೆಂದು ತಿಳಿದು ತಾವಾಗಿಯೇ ಮದ್ದು ಹೆಚ್ಚಿಸಿದರೆ ಅದು ಇನ್ನಷ್ಟು ಜೋರಾಗುತ್ತದೆ. ಅತಿ ಉತ್ಸಾಹ ಒಮ್ಮೆ, ಖಿನ್ನತೆ ಒಮ್ಮೆ ಕಾಡುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಎಂಬ ಮದ್ದು ತೆಗೆದುಕೊಳ್ಳುವವರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ವಾಂತಿಭೇದಿ, ಬಿಸಿಲಿನ ಕೆಲಸದ ವಿಪರೀತ ಬೆವರು, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ – ಇವು ರಕ್ತದಲ್ಲಿ ಲಿಥಿಯಂ ಮಟ್ಟವನ್ನು ಅಪಾಯದವರೆಗೂ ಏರಿಸಬಲ್ಲವು. ಮಟ್ಟ ಪರೀಕ್ಷಿಸಲು ಕೊನೆಯ ಗುಳಿಗೆ ತಿಂದ 12 ಗಂಟೆಗೆ ರಕ್ತ ಕೊಡಬೇಕು.

ಕಾಸರಗೋಡಿನಲ್ಲಿ ಪಾಠದ ಹಾಳೆ ಮಲಯಾಳದಲ್ಲಿರುತ್ತದೆ, ಚೀಟಿ ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡವೋ ತುಳುವೋ ಮರಾಠಿಯೋ. ಬೈಠಕ್ ನಡೆಸುವ ನರ್ಸ್ ಅಥವಾ ಆಶಾ ಕಾರ್ಯಕರ್ತೆಗೆ ಮನೆಮಾತು ಬರದಿದ್ದರೆ ಜನ ತಲೆಯಾಡಿಸಿ ಹೋಗುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಮದ್ದಿನ ಡಬ್ಬಿಯ ಮೇಲೆ ಸೂರ್ಯ, ಚಂದ್ರ ಬರೆದುಕೊಡುವುದು ಸುಲಭದ ಉಪಾಯ. ದೈವಕ್ಕೆ ಹೇಳಿಕೊಂಡದ್ದನ್ನು, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದ್ದನ್ನು ಹೀಗಳೆದರೆ ಆ ಕುಟುಂಬ ಮತ್ತೆ ಬರುವುದಿಲ್ಲ. ಹರಕೆಯೂ ಇರಲಿ, ಮದ್ದು ಮಾತ್ರ ತಪ್ಪದಿರಲಿ ಎಂದರೆ ಸಾಕು. ಕಟ್ಟಿಹಾಕುವ ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಮಾನಸಿಕ ಕಾಯಿಲೆ ಇರುವವರನ್ನು ಸಂಕೋಲೆಯಲ್ಲಿಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಆಮೇಲಿನ ಬೈಠಕ್‌ಗಳಲ್ಲಿ ಸಲ ಒಂದಕ್ಕೆ ಒಂದೇ ಸಮಸ್ಯೆ. ಹದಿನೈದು ನಿಮಿಷ ಮಳೆ, ಅಡಿಕೆ ರೇಟು, ಮಕ್ಕಳ ಪರೀಕ್ಷೆಯ ಮಾತು. ಕಾಯಿಲೆಯ ಸುದ್ದಿ ಇಲ್ಲ. ಇಪ್ಪತ್ತು ನಿಮಿಷ ಪ್ರತಿ ಮನೆಯ ವಿಚಾರಣೆ. ಒಂದು ಸಮಸ್ಯೆ ಆರಿಸಿ ಮುಕ್ಕಾಲು ಗಂಟೆ ಅದರ ಮೇಲೆ. ‘ಮಗ ಹನ್ನೊಂದರವರೆಗೆ ಮಲಗುತ್ತಾನೆ’ ಎಂದು ತಾಯಿಯೊಬ್ಬರು ಹೇಳಿದರು ಎಂದಿಟ್ಟುಕೊಳ್ಳಿ. ‘ಅಕ್ಕಾ, ರಾತ್ರಿಯ ಮದ್ದು ಎಷ್ಟು ಗಂಟೆಗೆ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಧಾರಾವಾಹಿ ಮುಗಿದ ಮೇಲೆ, ಹತ್ತೂವರೆಗೆ. ಬಂದ ಸಲಹೆಗಳನ್ನೆಲ್ಲ, ಪೆದ್ದುಪೆದ್ದಾಗಿ ಕಂಡರೂ, ಬೋರ್ಡಿನ ಮೇಲೆ ಬರೆಯಬೇಕು: ನೀರು ಎರಚುವುದು, ಊಟ ಕೊಡದಿರುವುದು, ಮದ್ದು ಎಂಟಕ್ಕೆ ಕೊಡಬಹುದೇ ಎಂದು ಡಾಕ್ಟರಲ್ಲಿ ಕೇಳುವುದು, ಒಂಬತ್ತಕ್ಕೆ ಅಂಗಡಿಯಿಂದ ಹಾಲು ತರುವ ಕೆಲಸ ವಹಿಸುವುದು. ಪ್ರತಿಯೊಂದರ ಒಳಿತು ಕೆಡುಕು ತೂಗಿ, ಕೊನೆಗೆ ಆರಿಸುವವನು ಮಗನೇ. ಅವನು ಹಾಲು ಒಪ್ಪಿಕೊಂಡರೆ ವಾರಕ್ಕೆ ಮೂರು ದಿನ ಸಾಕು. ಮುಂದಿನ ಬೈಠಕ್‌ನಲ್ಲಿ ಮೊದಲ ಪ್ರಶ್ನೆ ಅದರದ್ದೇ.

ಕಾಯಿಲೆ ಏಳುವ ಮುನ್ನ ಕಾಣುವ ಗುರುತುಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆದರೆ ಅದೇ ವ್ಯಕ್ತಿಯಲ್ಲಿ ಹೆಚ್ಚಾಗಿ ಅವೇ ಮರಳುತ್ತವೆ: ನಾಲ್ಕೈದು ರಾತ್ರಿ ಸತತ ನಿದ್ದೆಗೇಡು, ಟಿವಿ ಬಂದ್ ಮಾಡೆಂದು ಹಠ, ಪಕ್ಕದ ಮನೆಯವರ ಮೇಲೆ ಸಂಶಯ. ಅಂಥ ಮೂರನ್ನು ಕ್ಯಾಲೆಂಡರಿನ ಹಿಂದೆ ಬರೆದು, ಕಂಡ ದಿನ ಯಾರು ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ರೋಗಿ ಸ್ವಸ್ಥವಾಗಿದ್ದಾಗಲೇ ಅವರೊಡನೆ ಕೂತು ನಿರ್ಧರಿಸಬೇಕು. 14416 ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ, ಕನ್ನಡದಲ್ಲೂ ಮಾತಾಡಬಹುದು. ಮಂಗಳೂರಲ್ಲಿ ಮದ್ದು ಪಡೆಯುವವರು ಕಾಸರಗೋಡಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೂ ಹೆಸರು ಬರೆಸಿಡುವುದು ಒಳ್ಳೆಯದು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಊರಿಗೆಲ್ಲ ಗೊತ್ತು.

ಬೈಠಕ್ ಮುರಿದುಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ತಾಯಂದಿರು ಮಾತ್ರ ಬಂದು, ಮನೆಯಲ್ಲಿ ಗದರುವ ಅಪ್ಪ ಬಾರದಿರುವುದು ಒಂದು. ಇನ್ನೊಂದು, ತಂಗಿಯ ಮದುವೆ ಮಾತುಕತೆಗೆ ತೊಡಕಾದೀತೆಂಬ ಭಯ. ಇಲ್ಲಿ ಹೇಳಿದ್ದು ಹೊರಗೆ ಹೋಗಬಾರದೆಂಬ ನಿಯಮವನ್ನು ಪ್ರತಿ ಸಲವೂ ಗಟ್ಟಿಯಾಗಿ ಹೇಳಬೇಕು.

ಫಲದ ಬಗ್ಗೆ ಉತ್ಪ್ರೇಕ್ಷೆ ಬೇಡ. ಗೋವಾ, ಮಹಾರಾಷ್ಟ್ರದ ಸಾತಾರಾ ಮತ್ತು ತಮಿಳುನಾಡಿನಲ್ಲಿ 282 ಮಂದಿಯ ಮೇಲೆ ನಡೆದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ತರಬೇತಿ ಪಡೆದ ಊರಿನ ಕಾರ್ಯಕರ್ತರು ಮನೆಗೆ ಹೋಗಿ ನೆರವಾದವರು ಆಸ್ಪತ್ರೆಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ವರ್ಷದ ಕೊನೆಗೆ ತುಸು ಹೆಚ್ಚು ಚೇತರಿಸಿಕೊಂಡಿದ್ದರು. ತುಸುವೇ ಆದರೂ, ಸ್ವಂತ ಬಟ್ಟೆ ಒಗೆದುಕೊಳ್ಳುವಷ್ಟು, ಕೆಲಸಕ್ಕೆ ಹೋಗುವಷ್ಟು ಶಕ್ತಿ ಮರಳಿದರೆ ಆ ಮನೆಗೆ ಅದು ಸಣ್ಣದಲ್ಲ.

ಕೊನೆಯ ಬೈಠಕ್‌ಗಳಲ್ಲೊಂದನ್ನು ಕಾಗದಪತ್ರಗಳಿಗೆ ಬಿಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಹಲವು ಸವಲತ್ತುಗಳಿಗೆ ಶೇ. 40ರಷ್ಟಾದರೂ ಅಂಗವೈಕಲ್ಯ ಉಂಟೆಂಬ ಪ್ರಮಾಣಪತ್ರ ಬೇಕು. ಅದನ್ನು ಅಳೆಯುವ ಐಡಿಯಾಸ್ ಎಂಬ ಅಳತೆಯಲ್ಲಿ ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ – ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕ ಇರುವುದರಿಂದ ಹಳೆಯ ಚೀಟಿಗಳನ್ನು ಮಳೆಗಾಲದ ಪಸೆ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಡಬೇಕು. ಮೊದಲ ಸಲ ಆಸ್ಪತ್ರೆಗೆ ತೋರಿಸಿದ ಚೀಟಿ ಎಲ್ಲಕ್ಕಿಂತ ಮುಖ್ಯ.