ಮಳೆಗಾಲದಲ್ಲಿ ಹುಟ್ಟುವ ಹಂದಿಮರಿಗಳ ಆರೈಕೆ

ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆ ಹಿಡಿದಾಗ ಗೂಡಿನೊಳಗಿನ 20–22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ತಾಯಿಹಂದಿಗೆ ಹಿತವಾಗಿರುತ್ತದೆ. ಆದರೆ ಆಗತಾನೆ ಹುಟ್ಟಿದ ಮರಿಗೆ ಬೇಕಾದದ್ದು ಸುಮಾರು 34 ಡಿಗ್ರಿ. ಕರುವಿಗೂ ಮನುಷ್ಯರ ಶಿಶುವಿಗೂ ಮೈ ಬೆಚ್ಚಗಿಡುವ ಕಂದು ಕೊಬ್ಬು ಹುಟ್ಟುವಾಗಲೇ ಇರುತ್ತದೆ. ಹಂದಿಯ ವಂಶದಲ್ಲಿ ಆ ಕೊಬ್ಬನ್ನು ಉರಿಸುವ ಜೀನ್ ಕೋಟ್ಯಂತರ ವರ್ಷಗಳ ಹಿಂದೆಯೇ ನಿಷ್ಕ್ರಿಯವಾಗಿರುವುದರಿಂದ, ಒಂದು ಕಿಲೋ ಚಿಲ್ಲರೆ ತೂಗುವ ಮರಿ ಕೇವಲ ನಡುಗಿಯೇ ಶಾಖ ಹುಟ್ಟಿಸಿಕೊಳ್ಳಬೇಕಾಗುತ್ತದೆ.

ತಾಯಿಯ ಮೈಕೆಳಗೆ ಸಿಕ್ಕಿ ಮರಿ ಸತ್ತಾಗ ನಾವು ತಾಯಿಯನ್ನು ದೂರುತ್ತೇವೆ. ನಿಜವಾದ ಕಾರಣ ಬಹಳ ಸಲ ಚಳಿ ಮತ್ತು ಹಸಿವು. ಸೋತ ಮರಿ ಬಿಸುಪಿಗಾಗಿ ತಾಯಿಗೆ ಒತ್ತಿಕೊಂಡು ಮಲಗುತ್ತದೆ, ತಾಯಿ ಮಗ್ಗುಲು ಬದಲಿಸುವಾಗ ಎದ್ದು ಓಡುವ ತ್ರಾಣ ಅದಕ್ಕಿರುವುದಿಲ್ಲ. ಹಾಗಾಗಿ ಗೂಡಿನ ಗೋಡೆಯುದ್ದಕ್ಕೂ, ನೆಲದಿಂದ ಮತ್ತು ಗೋಡೆಯಿಂದ ಸುಮಾರು 20–25 ಸೆಂಟಿಮೀಟರ್ ಬಿಟ್ಟು ಅಡ್ಡಪೈಪು ಹಾಕಿಸಬೇಕು. ಮರಿಗಳಷ್ಟೇ ನುಸುಳಬಲ್ಲ ಮೂಲೆಯೊಂದನ್ನು ಮಾಡಿ, ಒಣಹುಲ್ಲು ಹಾಸಿ ಬಲ್ಬು ತೂಗಬೇಕು. ಮರಿಗಳು ಒಂದರ ಮೇಲೊಂದು ಬಿದ್ದಿದ್ದರೆ ಚಳಿಯಾಗಿದೆಯೆಂದೂ, ಬಲ್ಬಿನಿಂದ ದೂರ ಸರಿದು ಮಲಗಿದ್ದರೆ ಶಾಖ ಹೆಚ್ಚಾಗಿದೆಯೆಂದೂ ತಿಳಿಯಬೇಕು. ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಆ ಮೂಲೆಗೆ ಮೇಲುಮುಚ್ಚಳವೂ ದಪ್ಪನೆಯ ಹುಲ್ಲೂ ಇರಲೇಬೇಕು. ಒದ್ದೆಯಾದ ಹಾಸು ಬರಿ ನೆಲಕ್ಕಿಂತ ಕೆಟ್ಟದ್ದು.

ಹಂದಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಕಣಗಳು ಮಾಸನ್ನು ದಾಟಿ ಮರಿಗೆ ತಲುಪುವುದಿಲ್ಲ. ಅವು ಬರುವುದು ಗಿಣ್ಣದ ಹಾಲಿನಿಂದ ಮಾತ್ರ, ಅದೂ ಕರುಳು ಅವುಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲ ಮೊದಲ 24ರಿಂದ 36 ಗಂಟೆಗಳೊಳಗೆ. ಒಂದೊಂದು ಮರಿಗೂ ಸುಮಾರು 250 ಗ್ರಾಂ ಗಿಣ್ಣ ಸಿಗಬೇಕು. ಮರಿಗಳು ಹೆಚ್ಚಿದ್ದಾಗ, ಹೊಟ್ಟೆ ತುಂಬಿದ ದೊಡ್ಡ ಮರಿಗಳನ್ನು ಒಂದು ಗಂಟೆ ಬೆಚ್ಚನೆಯ ಮೂಲೆಯಲ್ಲಿ ಕೂಡಿಟ್ಟು ಸಣ್ಣವನ್ನು ಮೊಲೆಗೆ ಬಿಡುವುದು ಖರ್ಚಿಲ್ಲದ ಉಪಾಯ; ಇದಕ್ಕಾಗಿ ಒಂದು ರಾತ್ರಿಯ ನಿದ್ದೆಗೆಟ್ಟರೂ ನಷ್ಟವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಪ್ರತಿ ಮರಿಯೂ ತನ್ನದೇ ಮೊಲೆಯನ್ನು ಹಿಡಿಯುತ್ತದೆ. ಹಾಲು ಇಳಿಯುವುದು ಗಂಟೆಗೊಮ್ಮೆ, ಸುಮಾರು 20 ಸೆಕೆಂಡು ಮಾತ್ರ.

ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿ ಇರುವ ಈ ಸೀಮೆಯಲ್ಲೂ ಸಿಮೆಂಟು ನೆಲದ ಮೇಲೆ ಬೆಳೆಯುವ ಹಂದಿಮರಿ ಕಬ್ಬಿಣದ ಕೊರತೆಯಿಂದ ಬಿಳಿಚಿಕೊಳ್ಳುತ್ತದೆ. ಹುಟ್ಟುವಾಗ ಅದರ ಮೈಯಲ್ಲಿರುವುದು ಸುಮಾರು 50 ಮಿಲಿಗ್ರಾಂ ಕಬ್ಬಿಣ. ವೇಗವಾಗಿ ಬೆಳೆಯುವ ಮೈಗೆ ದಿನಕ್ಕೆ 7 ಮಿಲಿಗ್ರಾಂನಷ್ಟಾದರೂ ಬೇಕಿದ್ದರೂ ಹಾಲಿನಿಂದ ದಕ್ಕುವುದು ಸುಮಾರು 1 ಮಿಲಿಗ್ರಾಂ. ಮಣ್ಣು ಕೆದಕುವ ಕಾಡುಹಂದಿಯ ಮರಿಗೆ ಈ ಕೊರತೆ ನೆಲದಿಂದಲೇ ತುಂಬುತ್ತದೆ. ನಮ್ಮ ಕೆಂಪುಮಣ್ಣಿನ ಕಬ್ಬಿಣದಲ್ಲಿ ಬಹುಪಾಲು ಸುಲಭವಾಗಿ ಜೀರ್ಣವಾಗದ ರೂಪದಲ್ಲಿದೆ, ಜೊತೆಗೆ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳೂ ಇರಬಹುದು. ಆದ್ದರಿಂದ ಮೂರನೆಯ ದಿನದ ಹೊತ್ತಿಗೆ ಪಶುವೈದ್ಯರ ಸಲಹೆಯಂತೆ ಕಬ್ಬಿಣದ ಚುಚ್ಚುಮದ್ದು, ಸಾಮಾನ್ಯವಾಗಿ 200 ಮಿಲಿಗ್ರಾಂ, ಕೊಡಿಸುವುದೇ ಸರಿ.

ಎರಡನೆಯ ವಾರದಿಂದ ನೀರನ್ನೂ ಹಿಡಿಯಷ್ಟು ಮರಿ-ಆಹಾರವನ್ನೂ ಇಡಬೇಕು. ಹಾಲು ಬಿಡಿಸುವ ಆತುರ ಬೇಡ: ಮೂರು ನಾಲ್ಕು ವಾರಗಳಲ್ಲಿ ಗಿಣ್ಣದಿಂದ ಬಂದ ರಕ್ಷಣೆ ಇಳಿದಿರುತ್ತದೆ, ಮರಿಯ ಸ್ವಂತ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಸಣ್ಣ ಸಾಕಣೆದಾರರಿಗೆ ಆರರಿಂದ ಎಂಟು ವಾರ ಸೂಕ್ತ. ಆಗಲೂ ಮರಿಗಳನ್ನು ಅದೇ ಗೂಡಿನಲ್ಲಿ ಉಳಿಸಿ ತಾಯಿಯನ್ನೇ ಬೇರೆಡೆಗೆ ಒಯ್ಯಬೇಕು; ಮೊದಲ ವಾರ ಹಳೆಯ ಆಹಾರವನ್ನೇ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕಿದರೆ ಭೇದಿಯ ಕಾಟ ಕಡಿಮೆಯಾಗುತ್ತದೆ.