ಕರ್ಚೀಫ್ ಹಾಕಿದ ಲೇನ್

ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣ. ದಸರಾ ಕ್ರೀಡಾಕೂಟದ ಹುಡುಗಿಯರ 400 ಮೀಟರ್ ಓಟ ಇನ್ನೇನು ಶುರುವಾಗಬೇಕು. ಓಟಗಾರ್ತಿಯರು ಬ್ಲಾಕ್ ಸರಿಮಾಡಿಕೊಳ್ಳುತ್ತಿದ್ದಾರೆ. ನಾಲ್ಕನೇ ಲೇನ್‌ನಲ್ಲಿ ಮಾತ್ರ ಯಾರೂ ಇಲ್ಲ. ಅಧಿಕಾರಿಯೊಬ್ಬರು ಕೈಯಲ್ಲಿದ್ದ ಪಟ್ಟಿ ನೋಡಿ ಎರಡು ಸಲ ಹೆಸರು ಕೂಗಿದರು. ಉತ್ತರ ಬರಲಿಲ್ಲ. ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡು ಪಕ್ಕಕ್ಕೆ ಸರಿದರು. ಗನ್ ಸದ್ದಾಯಿತು.

ಗ್ಯಾಲರಿಯಲ್ಲಿ ನನ್ನ ಪಕ್ಕ ಅಣ್ಣನ ಮಗಳು ಕೂತಿದ್ದಳು. ಪಾಂಡವಪುರದ ಹತ್ತಿರ ನಮ್ಮ ಹಳ್ಳಿ. ನಾಲೆ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ಓಡುವ ಹುಡುಗಿ ಅವಳು. ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದಳು. ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಜಿಲ್ಲಾ ಮಟ್ಟವನ್ನೂ ಗೆದ್ದಳು. ವಿಭಾಗ ಮಟ್ಟದಲ್ಲಿ ಮೂರನೆಯವಳಾದಳು. ರಾಜ್ಯ ಮಟ್ಟದ ಈ ಕೂಟಕ್ಕೆ ಆಯ್ಕೆಯಾದದ್ದು ಮೊದಲ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಅಂದು ಬಂದಿರಲಿಲ್ಲ. ಮುಂದೆ ದೊಡ್ಡ ಮೀಟ್ ಇದೆ, ಕಾಲು ಉಳಿಸಿಕೋ ಎಂದು ಅವಳ ಕೋಚ್ ಹೇಳಿದ್ದರಂತೆ. "ಚಿಕ್ಕಪ್ಪ, ಆ ಲೇನ್ ಸುಮ್ನೆ ಖಾಲಿ ಹೋಯ್ತಲ್ಲ. ನಾನು ಓಡ್ಬೋದಿತ್ತು ಅಲ್ವಾ?" ಅಂದಳು ನಮ್ಮ ಹುಡುಗಿ. ಅವಳ ಬ್ಯಾಗಿನಲ್ಲಿ ಸ್ಪೈಕ್ (ಓಟದ ಮೊಳೆ ಶೂ) ಇತ್ತು. ನೋಡುವುದಕ್ಕೆ ಬಂದವಳು ಸ್ಪೈಕ್ ಯಾಕೆ ತಂದಿದ್ದಳು ಅಂತ ನಾನು ಕೇಳಲಿಲ್ಲ.

ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಇದು. ಹಿಡಿದವರು ಬಸ್ ಹತ್ತದಿದ್ದರೂ ಬಸ್ ಹೊರಡುತ್ತದೆ. ನಿಂತವರು ನಿಂತೇ ಇರುತ್ತಾರೆ. ಇದು ನಮ್ಮ ದಸರಾ ಮೀಟ್‌ನ ಕಥೆ ಮಾತ್ರ ಅಲ್ಲ. ದೇಶದ ತಂಡದಲ್ಲಿ ಜಾಗ ಒಪ್ಪಿಕೊಂಡು, ಆಮೇಲೆ "ಈ ಕೂಟ ಅಷ್ಟು ದೊಡ್ಡದಲ್ಲ" ಎಂದು ಹಿಂದೆ ಸರಿಯುವುದರ ಬಗ್ಗೆ ಅಥ್ಲೆಟಿಕ್ಸ್ ಜಗತ್ತಿನಲ್ಲಿ ಚರ್ಚೆ ನಡೆಯುತ್ತಲೇ ಇದೆ. ಹೀಗೆ ಆಗಲು ಶುರುವಾದದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲದಲ್ಲಿ ಬಿಡುವುದಕ್ಕೆ ಹೆಚ್ಚು ಕೂಟಗಳೇ ಇರಲಿಲ್ಲ. ಮಿಲ್ಖಾ ಸಿಂಗ್ ಓಡುತ್ತಿದ್ದಾಗ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಇಷ್ಟೇ ದೊಡ್ಡವು. ಮೂರೂ ನಾಲ್ಕು ವರ್ಷಕ್ಕೊಮ್ಮೆ. ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ಶುರುವಾದದ್ದು 1973ರಲ್ಲಿ, ಫಿಲಿಪೈನ್ಸ್‌ನ ಮರಿಕಿನಾದಲ್ಲಿ. ವಿಶ್ವ ಚಾಂಪಿಯನ್‌ಶಿಪ್ ಬಂದದ್ದು ಇನ್ನೂ ಹತ್ತು ವರ್ಷ ತಡವಾಗಿ, 1983ರಲ್ಲಿ ಹೆಲ್ಸಿಂಕಿಯಲ್ಲಿ. 1985ರಲ್ಲಿ ಪಿ.ಟಿ. ಉಷಾ ಜಕಾರ್ತಾದ ಏಷ್ಯನ್ ಚಾಂಪಿಯನ್‌ಶಿಪ್‌ಗೆ ಹೋಗಿ ಐದು ಚಿನ್ನ, ಒಂದು ಕಂಚು ತಂದರು. 100, 200, 400, 400 ಹರ್ಡಲ್ಸ್, ಎರಡು ರಿಲೇ. ಹಿಂದಿನ ವರ್ಷ ತಾನೇ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡಿದ್ದ ಓಟಗಾರ್ತಿ ಅವರು. ಏಷ್ಯಾ ಮಟ್ಟದ ಕೂಟ ಅವರಿಗೆ ಚಿಕ್ಕದಾಗಿ ಕಾಣಲಿಲ್ಲ. ಇವತ್ತು ಅಷ್ಟು ದೊಡ್ಡ ಹೆಸರಿನವರು ಒಂದೇ ಏಷ್ಯನ್ ಕೂಟದಲ್ಲಿ ಆರು ಸ್ಪರ್ಧೆಗೆ ಇಳಿಯುತ್ತಾರಾ? ಕೋಚ್, ಫಿಸಿಯೋ ಯಾರೂ ಬಿಡುವುದಿಲ್ಲ.

ಬದಲಾದದ್ದು ದುಡ್ಡಿನಿಂದ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಎಷ್ಟೋ ಕಾಲ ಓಟಗಾರರು ಓಟದಿಂದ ದುಡಿಯಬಾರದು ಎಂಬ ನಿಯಮ ಇತ್ತು. 1980ರ ದಶಕದಲ್ಲಿ ಅದು ಸಡಿಲವಾಯಿತು. 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದವರಿಗೆ ಮರ್ಸಿಡಿಸ್ ಕಾರು ಕೊಟ್ಟರು. 1997ರಿಂದ ನಗದು ಬಹುಮಾನ ಬಂತು. ಮರುವರ್ಷ ದುಡ್ಡು ಕೊಡುವ ಒಂದು ದಿನದ ಮೀಟ್‌ಗಳ ಸರಣಿ ಗೋಲ್ಡನ್ ಲೀಗ್, 2010ರಲ್ಲಿ ಅದರ ಜಾಗಕ್ಕೆ ಡೈಮಂಡ್ ಲೀಗ್. ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿದ್ದ 'ಅಮೆಚೂರ್' (ಹವ್ಯಾಸಿ) ಎಂಬ ಪದ 2001ರಲ್ಲಿ ಬಿದ್ದುಹೋಯಿತು. ಓಟಗಾರನ ದುಡಿಮೆಯ ವಯಸ್ಸು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಒಂದು ಸ್ನಾಯು ಹರಿದರೆ ಅದರಲ್ಲೂ ಒಂದು ವರ್ಷ ಹೋಯಿತು. ದುಡ್ಡು ಬರುವ ಕಡೆ ಹೋಗುವುದು ಸಹಜ.

ಜೊತೆಗೆ ಕ್ಯಾಲೆಂಡರ್ ತುಂಬಿತು. ನಾಲ್ಕು ವರ್ಷಕ್ಕೊಮ್ಮೆ ಇದ್ದ ವಿಶ್ವ ಚಾಂಪಿಯನ್‌ಶಿಪ್ 1991ರ ನಂತರ ಎರಡು ವರ್ಷಕ್ಕೊಮ್ಮೆ ಆಯಿತು. ಒಳಾಂಗಣ ಚಾಂಪಿಯನ್‌ಶಿಪ್ ಬಂತು, ವರ್ಲ್ಡ್ ರಿಲೇಸ್ ಬಂತು. ಎಲ್ಲಕ್ಕೂ ಹೋಗಲು ಆಗದು ಅಂದಮೇಲೆ ಯಾವುದೋ ಒಂದನ್ನು ಬಿಡಲೇಬೇಕು. ಉಸೇನ್ ಬೋಲ್ಟ್ 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ಗೆ ಬರಲಿಲ್ಲ. 2014ರ ಗ್ಲಾಸ್ಗೋದಲ್ಲಿ ರಿಲೇ ಮಾತ್ರ ಓಡಿದರು.

ಮೈಸೂರಿನವರಿಗೆ ಈ ಚರ್ಚೆಯಲ್ಲಿ ಒಂದು ಹತ್ತಿರದ ಹೆಸರು ಇದೆ. ಡಿಸ್ಕಸ್ ಎಸೆತಗಾರ ವಿಕಾಸ್ ಗೌಡ. ಹುಟ್ಟಿದ್ದು ಇದೇ ಊರಿನಲ್ಲಿ, 1983ರಲ್ಲಿ. ಬೆಳೆದದ್ದು, ಅಭ್ಯಾಸ ಮಾಡಿದ್ದು ಅಮೆರಿಕದಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಿ ಎಂಟನೆಯವರಾದರು. ಅಷ್ಟು ಆದಮೇಲೆ 2013ರ ಜುಲೈನಲ್ಲಿ ಪುಣೆಗೆ ಬಂದು ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಎಸೆದರು, ಚಿನ್ನ ಗೆದ್ದರು. ಮುಂದಿನ ತಿಂಗಳು ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇತ್ತು. ವಿಮಾನದಲ್ಲಿ ಅರ್ಧ ಭೂಮಿ ಸುತ್ತಿ ಬಂದರೆ ಕಾಲು, ಬೆನ್ನು, ನಿದ್ದೆ ಎಲ್ಲ ಹಾಳು. ಬೇಡ ಅನ್ನಲು ಕಾರಣ ಹುಡುಕುವ ಅಗತ್ಯವೇ ಇರಲಿಲ್ಲ. ಆದರೂ ಬಂದರು, ಆಮೇಲೆ ಮಾಸ್ಕೋದಲ್ಲೂ ಫೈನಲ್‌ನಲ್ಲಿ ಎಸೆದರು. 2015ರಲ್ಲಿ ಚೀನಾದ ವುಹಾನ್‌ಗೂ ಹೋಗಿ ಏಷ್ಯನ್ ಚಿನ್ನವನ್ನು ಮತ್ತೆ ಗೆದ್ದರು. ಎಲ್ಲರೂ ಹೀಗೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಒಪ್ಪಿಕೊಂಡ ಕೂಟಕ್ಕೆ ಬಂದು ನಿಲ್ಲುವುದು ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ ಅಂತ ಹೇಳುತ್ತಿದ್ದೇನೆ.

ಈಚಿನ ಬದಲಾವಣೆ ರ‍್ಯಾಂಕಿಂಗ್. ಮೊದಲು ಒಲಿಂಪಿಕ್ಸ್‌ಗೆ ಹೋಗಲು ಇಷ್ಟು ಸೆಕೆಂಡಿನೊಳಗೆ ಓಡಬೇಕು, ಇಷ್ಟು ದೂರ ಎಸೆಯಬೇಕು ಎಂಬ ಮಟ್ಟ ಮುಟ್ಟಿದರೆ ಸಾಕಿತ್ತು. 2019ರಲ್ಲಿ ವಿಶ್ವ ರ‍್ಯಾಂಕಿಂಗ್ ಬಂದಮೇಲೆ ಹೆಚ್ಚುಕಡಿಮೆ ಅರ್ಧ ಜಾಗ ಅದರಿಂದಲೇ ತುಂಬುತ್ತವೆ. ಹೆಚ್ಚಿನ ಸ್ಪರ್ಧೆಗಳಲ್ಲಿ ಐದು ಒಳ್ಳೆಯ ಸಾಧನೆಗಳ ಸರಾಸರಿ ತೆಗೆಯುತ್ತಾರೆ. ಸಮಯಕ್ಕೆ ಅಂಕ, ಎಷ್ಟನೆಯವರಾದಿರಿ ಎನ್ನುವುದಕ್ಕೂ ಅಂಕ. ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಸಿಗುವ ಸ್ಥಾನದ ಅಂಕ ರಾಷ್ಟ್ರೀಯ ಕೂಟದ್ದಕ್ಕಿಂತ ಜಾಸ್ತಿ.

ಇಲ್ಲೇ ನೋಡಿ ಗಂಟು ಇರುವುದು. ಡೈಮಂಡ್ ಲೀಗ್‌ಗೆ ಕರೆ ಬರುವ ತಾರೆಗೆ ಈ ಅಂಕ ಬೇಡ. ಅವರಿಗೆ ಬೇರೆ ಬಾಗಿಲು ಇದೆ. ಹಾಲಿ ವಿಶ್ವ ಚಾಂಪಿಯನ್‌ಗೆ ಮುಂದಿನ ವಿಶ್ವ ಚಾಂಪಿಯನ್‌ಶಿಪ್‌ಗೆ ವೈಲ್ಡ್ ಕಾರ್ಡ್, ಅಂದರೆ ನೇರ ಪ್ರವೇಶ, ಸಿಗುತ್ತದೆ. ದೇಶದ ಎರಡನೇ, ಮೂರನೇ ಸಾಲಿನವರಿಗೆ ಮಾತ್ರ ಆ ಅಂಕವೇ ಅನ್ನ. ಅವರಿಗೆ ಯೂರೋಪಿನ ಮೀಟ್‌ಗಳಿಂದ ಸುಲಭವಾಗಿ ಕರೆ ಬರುವುದಿಲ್ಲ. ತಾರೆ ಯಾವುದನ್ನು ಚಿಕ್ಕ ಕೂಟ ಅನ್ನುತ್ತಾರೋ ಅದು ಇವರ ಜೀವಮಾನದ ದೊಡ್ಡ ಕೂಟ. ನಮ್ಮ ಹಾಸನ ಜಿಲ್ಲೆಯ ಡಿ.ಪಿ. ಮನು 2023ರ ಬ್ಯಾಂಕಾಕ್ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಜಾವೆಲಿನ್ ಬೆಳ್ಳಿ ಗೆದ್ದರು. ಮುಂದಿನ ತಿಂಗಳು ಬುಡಾಪೆಸ್ಟ್‌ನ ವಿಶ್ವ ಫೈನಲ್‌ನಲ್ಲಿ ಆರನೆಯವರಾದರು. (ಮುಂದೆ ಅವರು ಡೋಪಿಂಗ್ ಪ್ರಕರಣದಲ್ಲಿ ಸಿಕ್ಕಿ ನಿಷೇಧಕ್ಕೊಳಗಾದರು. ಅದು ಬೇರೆಯೇ ನೋವು.)

ಅದೇ ಬ್ಯಾಂಕಾಕ್ ಕೂಟಕ್ಕೆ ಅಡೆತಡೆ, ನೀರಿನ ಗುಂಡಿ ಹಾರಿ ಓಡುವ ಸ್ಟೀಪಲ್‌ಚೇಸ್ ಓಟಗಾರ ಅವಿನಾಶ್ ಸಾಬ್ಳೆ ಹೋಗಲಿಲ್ಲ. ಕೂಟದ ಕೊನೆಯ ದಿನ, ಜುಲೈ 16ರಂದು, ಅವರು ಪೋಲೆಂಡಿನ ಸಿಲೇಸಿಯಾ ಡೈಮಂಡ್ ಲೀಗ್‌ನಲ್ಲಿ 8 ನಿಮಿಷ 11.63 ಸೆಕೆಂಡಿನಲ್ಲಿ ಓಡಿ ಪ್ಯಾರಿಸ್ ಒಲಿಂಪಿಕ್ಸ್‌ನ ಅರ್ಹತೆ ಪಡೆದರು. ಅವರ ಲೆಕ್ಕ ಸರಿಯಾಗಿತ್ತು ಅಂತಲೇ ಹೇಳಬೇಕು. ಅತ್ತ ಬ್ಯಾಂಕಾಕ್‌ನಲ್ಲಿ ಶಾಟ್‌ಪುಟ್ ಎಸೆತಗಾರ ತಜಿಂದರ್‌ಪಾಲ್ ಸಿಂಗ್ ತೂರ್ ಚಿನ್ನ ಗೆದ್ದರು. ಆದರೆ ಎಸೆತದ ವೇಳೆ ತೊಡೆಸಂದಿಗೆ ಪೆಟ್ಟು ಮಾಡಿಕೊಂಡು ಕುಂಟುತ್ತಾ ಹೊರಬಂದರು, ಬುಡಾಪೆಸ್ಟ್‌ಗೆ ಹೋಗಲಾಗಲಿಲ್ಲ. ದೇಹ ಉಳಿಸಿಕೊಳ್ಳಬೇಕು ಎನ್ನುವ ಮಾತನ್ನು ಸೋಮಾರಿತನ ಅಂತ ತಳ್ಳಿಹಾಕುವವರು ತೂರ್ ಅವರನ್ನು ಒಮ್ಮೆ ನೆನೆಯಬೇಕು.

ಇನ್ನೊಂದು ಮಾತು. ಯಾವುದು ದೊಡ್ಡದು, ಯಾವುದು ಚಿಕ್ಕದು ಎನ್ನುವುದು ಕೂತ ಜಾಗದ ಮೇಲೆ ಬದಲಾಗುತ್ತದೆ. ಅದೇ 2023ರಲ್ಲಿ ಹೈಜಂಪ್‌ನ ತೇಜಸ್ವಿನ್ ಶಂಕರ್ ಸೇರಿದಂತೆ ಕೆಲವರು ವಿಶ್ವ ಚಾಂಪಿಯನ್‌ಶಿಪ್ಪನ್ನೇ ಬಿಟ್ಟರು. ಏಷ್ಯನ್ ಗೇಮ್ಸ್‌ಗೆ ತಯಾರಾಗಬೇಕು ಅಂದರು. ಹ್ಯಾಂಗ್‌ಝೌನಲ್ಲಿ ತೇಜಸ್ವಿನ್ ಹತ್ತು ಸ್ಪರ್ಧೆಗಳ ಡೆಕಾತ್ಲಾನ್‌ನಲ್ಲಿ ಬೆಳ್ಳಿ ಗೆದ್ದರು. ಯೂರೋಪಿನವರಿಗೆ ಇದು ತಲೆಕೆಳಗಾಗಿ ಕಾಣಬಹುದು. ನಮ್ಮಲ್ಲಿ ಏಷ್ಯನ್ ಗೇಮ್ಸ್ ಪದಕಕ್ಕೆ ಸರ್ಕಾರದ ಬಹುಮಾನ ಇದೆ, ಕೆಲಸ ಇದೆ, ಊರಲ್ಲಿ ಮೆರವಣಿಗೆ ಇದೆ. ವಿಶ್ವ ಚಾಂಪಿಯನ್‌ಶಿಪ್‌ನ ಹನ್ನೆರಡನೇ ಸ್ಥಾನಕ್ಕೆ ಅದ್ಯಾವುದೂ ಇಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಬಿಡುವುದರಲ್ಲಿ ಅಲ್ಲ. ಒಪ್ಪಿಕೊಂಡು, ತಡಮಾಡಿ ಬಿಡುವುದರಲ್ಲಿ ಇದೆ. ಹೆಸರು ಕಳಿಸಲು ಕೊನೆಯ ದಿನ ಅಂತ ಒಂದು ಇರುತ್ತದೆ. ಅದು ದಾಟಿದರೆ ಬಾಗಿಲು ಮುಚ್ಚಿತು. ಎಷ್ಟು ಗಟ್ಟಿಯಾಗಿ ಮುಚ್ಚುತ್ತದೆ ಎನ್ನುವುದನ್ನು 2017ರಲ್ಲಿ ಪಿ.ಯು. ಚಿತ್ರಾ ಪ್ರಕರಣ ತೋರಿಸಿತು. ಕೇರಳದ ಈ ಹುಡುಗಿ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಿದ್ದರು. ಏಷ್ಯನ್ ಚಾಂಪಿಯನ್ ಆದವರಿಗೆ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ಗೆ ದಾರಿ ಇತ್ತು. ಆದರೂ ಭಾರತದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅವರು ಕೇರಳ ಹೈಕೋರ್ಟಿಗೆ ಹೋದರು. ಸೇರಿಸಿ ಎಂದು ಕೋರ್ಟ್ ಹೇಳಿತು. ಅಷ್ಟರಲ್ಲಿ ದಿನ ದಾಟಿತ್ತು. ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಲಿಲ್ಲ. ಅವರು ಯಾರದೋ ಬಿಟ್ಟ ಜಾಗ ಕೇಳಿದವರಲ್ಲ, ತಾವೇ ಗೆದ್ದ ಜಾಗ ಕೇಳಿದವರು. ಅವರಿಗೇ ಹೈಕೋರ್ಟ್ ಆದೇಶ ಹಿಡಿದರೂ ಬಾಗಿಲು ತೆರೆಯಲಿಲ್ಲ ಅಂದಮೇಲೆ, ಸ್ಟ್ಯಾಂಡ್‌ಬೈ ಆಗಿ ಮನೆಯಲ್ಲಿ ಕೂತವರ ಕಥೆ ಏನು?

ಕೂಟದ ಒಳಗೆ ಬಂದಮೇಲೆ ನಿಯಮ ಬಿಗಿಯಾಗಿದೆ. ಓಡುತ್ತೇನೆ ಎಂದು ಕೊನೆಯದಾಗಿ ಖಚಿತಪಡಿಸಿ ಓಡದಿದ್ದರೆ, ಅದೇ ಕೂಟದ ಉಳಿದ ಸ್ಪರ್ಧೆಗಳಿಂದಲೂ ಹೊರಗೆ ಹಾಕುತ್ತಾರೆ. ಬೇಕೆಂದೇ ನಿಧಾನ ಓಡಿದರೂ ಅದೇ ಶಿಕ್ಷೆ. 2012ರ ಲಂಡನ್‌ನಲ್ಲಿ ಅಲ್ಜೀರಿಯಾದ ತೌಫಿಕ್ ಮಖ್ಲೂಫಿ 1500 ಮೀಟರ್ ಫೈನಲ್‌ಗೆ ಶಕ್ತಿ ಉಳಿಸಿಕೊಳ್ಳಬೇಕಿತ್ತು. 800 ಮೀಟರ್ ಪಟ್ಟಿಯಿಂದ ಅವರ ಹೆಸರನ್ನು ಸಮಯಕ್ಕೆ ತೆಗೆದಿರಲಿಲ್ಲ. ಮೊದಲ ಸುತ್ತಿನ ಓಟದಲ್ಲಿ (ಹೀಟ್ಸ್) ಸ್ವಲ್ಪ ದೂರ ಓಡಿ ಟ್ರ್ಯಾಕ್ ಬಿಟ್ಟು ನಡೆದರು. ಪ್ರಯತ್ನವೇ ಮಾಡಲಿಲ್ಲ ಎಂದು ಒಲಿಂಪಿಕ್ಸ್‌ನಿಂದಲೇ ಹೊರಹಾಕಿದರು. ಮಂಡಿ ನೋವು ಎಂದು ವೈದ್ಯರ ಪತ್ರ ತೋರಿಸಿದಮೇಲೆ ಮತ್ತೆ ಸೇರಿಸಿಕೊಂಡರು. ಮರುದಿನ 1500ರಲ್ಲಿ ಚಿನ್ನ ಗೆದ್ದರು. ಆದರೆ ಈ ಬಿಗಿ ಇರುವುದು ಕೂಟಕ್ಕೆ ಬಂದವರಿಗೆ. ತಂಡದಲ್ಲಿ ಹೆಸರು ಬರೆಸಿ ಮನೆಯಲ್ಲೇ ಉಳಿದವರನ್ನು ಆ ನಿಯಮ ಮುಟ್ಟುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದ್ದು ಆಯಾ ದೇಶದ ಫೆಡರೇಷನ್.

ಮೊದಲೇ ಹೇಳಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. 2025ರ ಮೇ ಕೊನೆಯಲ್ಲಿ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ನಡೆಯಿತು. ನೀರಜ್ ಚೋಪ್ರಾ ತಂಡದಲ್ಲೇ ಇರಲಿಲ್ಲ. ಪಟ್ಟಿ ಹೊರಬಂದಾಗಲೇ ಅದು ಗೊತ್ತಿತ್ತು. ಭಾರತದ ಪರ ಸಚಿನ್ ಯಾದವ್, ಯಶ್‌ವೀರ್ ಸಿಂಗ್ ಎಸೆದರು. ಸಚಿನ್ 85.16 ಮೀಟರ್ ಎಸೆದು ಬೆಳ್ಳಿ ಗೆದ್ದರು. ಚಿನ್ನ ಪಾಕಿಸ್ತಾನದ ಒಲಿಂಪಿಕ್ ಚಾಂಪಿಯನ್ ಅರ್ಶದ್ ನದೀಮ್‌ಗೆ. ಸೆಪ್ಟೆಂಬರ್‌ನಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಶಿಪ್. ಹಾಲಿ ಚಾಂಪಿಯನ್ ಆಗಿದ್ದ ನೀರಜ್‌ಗೆ ವೈಲ್ಡ್ ಕಾರ್ಡ್ ಇದ್ದದ್ದರಿಂದ ಭಾರತದ ಮೂವರ ಬದಲು ನಾಲ್ವರು ಜಾವೆಲಿನ್‌ಗೆ ಇಳಿದರು. ಫೈನಲ್‌ನಲ್ಲಿ ಸಚಿನ್ 86.27 ಮೀಟರ್ ಎಸೆದು ನಾಲ್ಕನೆಯವರಾದರು. ಕಂಚಿಗೆ ಬರೀ 40 ಸೆಂಟಿಮೀಟರ್ ದೂರ. ಬೆನ್ನುನೋವಿನಲ್ಲಿದ್ದ ನೀರಜ್ ಎಂಟನೆಯವರಾದರು, ನದೀಮ್ ಹತ್ತನೆಯವರು. ಗುಮಿಯಲ್ಲಿ ನದೀಮ್ ಎದುರು ನಿಂತು ಎಸೆದ ಆ ಸಂಜೆ ಸಚಿನ್‌ಗೆ ಎಷ್ಟು ಧೈರ್ಯ ಕೊಟ್ಟಿರಬೇಕು ಅಂತ ಯೋಚಿಸುತ್ತೇನೆ.

ಮಂಡ್ಯದ ಲೆಕ್ಕದಲ್ಲಿ ಹೇಳಬೇಕೆಂದರೆ ಇದರಲ್ಲಿ ಪದಕಕ್ಕಿಂತ ದೊಡ್ಡ ವಿಷಯ ಸರ್ಟಿಫಿಕೇಟ್. ಯಾವ ಮಟ್ಟದಲ್ಲಿ ಓಡಿದೆ ಎನ್ನುವ ಒಂದು ಹಾಳೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಕೊಡಿಸುತ್ತದೆ, ಪೊಲೀಸ್ ಅಥವಾ ರೈಲ್ವೆ ಕೆಲಸದ ಅರ್ಜಿಗೆ ಬಲ ಕೊಡುತ್ತದೆ. ಎರಡು ಎಕರೆ ಕಬ್ಬಿನ ಮನೆಗೆ ಆ ಹಾಳೆ ಸಣ್ಣದಲ್ಲ. ಖಾಲಿ ಲೇನ್ ಅಂದರೆ ಯಾರದೋ ಮನೆಗೆ ಬರದೇ ಹೋದ ಆ ಹಾಳೆ.

2026ರ ಕ್ಯಾಲೆಂಡರ್ ನೋಡಿದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಬರುತ್ತದೆ. ಜುಲೈ 23ರಿಂದ ಆಗಸ್ಟ್ 2ರವರೆಗೆ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್. ಸೆಪ್ಟೆಂಬರ್ 11ರಿಂದ 13ರವರೆಗೆ ಬುಡಾಪೆಸ್ಟ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನ ಹೊಸ ಅಲ್ಟಿಮೇಟ್ ಚಾಂಪಿಯನ್‌ಶಿಪ್, ಗೆದ್ದವರಿಗೆ ಒಂದೂವರೆ ಲಕ್ಷ ಡಾಲರ್. ಅದು ಮುಗಿದು ಆರು ದಿನಕ್ಕೆ, ಸೆಪ್ಟೆಂಬರ್ 19ರಂದು, ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್ ಶುರು. ಮೂರಕ್ಕೂ ಒಂದೇ ದೇಹ. ಏಷ್ಯನ್ ಗೇಮ್ಸ್‌ನಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ಇಬ್ಬರಿಗೆ ಮಾತ್ರ ಜಾಗ. ಒಬ್ಬರು ಕೊನೆ ಗಳಿಗೆಯಲ್ಲಿ ಬರದಿದ್ದರೆ ಅರ್ಧ ತಂಡವೇ ಹೋದಂತೆ.

ಇದಕ್ಕೆ ದೊಡ್ಡ ಕಾನೂನು ಬೇಡ. ಬರುತ್ತೀರಾ, ಇಲ್ಲವಾ ಎಂದು ಹೆಸರು ಕಳಿಸುವ ದಿನಕ್ಕೆ ಎರಡು ವಾರ ಮೊದಲೇ ಬರವಣಿಗೆಯಲ್ಲಿ ಕೇಳಬೇಕು. ಇಲ್ಲ ಅಂದವರನ್ನು ದೂರಬಾರದು. ಹೌದು ಅಂದು, ಗಾಯ ಇಲ್ಲದೆ ತಪ್ಪಿಸಿಕೊಂಡವರಿಗೆ ಮುಂದಿನ ಕ್ಯಾಂಪಿನ ಖರ್ಚು ಕೊಡುವ ಮುನ್ನ ಕಾರಣ ಕೇಳಬೇಕು. ಮೂರನೆಯವರನ್ನು ಕ್ಯಾಂಪಿನಲ್ಲೇ ಉಳಿಸಿಕೊಳ್ಳಬೇಕು, ಅವರ ಪಾಸ್‌ಪೋರ್ಟ್, ವೀಸಾ, ಕಿಟ್ ಸಿದ್ಧ ಇರಬೇಕು. ಚಾಮುಂಡಿ ವಿಹಾರದಲ್ಲಿ ಆ ದಿನ ವೀಸಾ ಕೂಡ ಬೇಕಿರಲಿಲ್ಲ. ಹಿಂದಿನ ರಾತ್ರಿ ಪಾಂಡವಪುರಕ್ಕೆ ಒಂದು ಫೋನ್ ಬಂದಿದ್ದರೆ ಸಾಕಿತ್ತು. ಬೆಳಿಗ್ಗೆಯ ಮೊದಲ ಬಸ್ಸಿಗೆ ನಮ್ಮ ಹುಡುಗಿ ಹೇಗೂ ಹತ್ತಿದ್ದಳು, ಸ್ಪೈಕ್ ಸಮೇತ.